ಮಾತು ಬರಲ್ಲ

ಗಂಗಾಶ್ರೀ ಮೇಡಂ ಸೆಮಿನಾರಿಗೆಂದು ಚೀಟಿ ಎತ್ತಿಸಿದ ದಿನ ಮಾಜಿದಾಳ ಕೈಗೆ ಸಿಕ್ಕಿದ್ದು ಮೆಕ್ಸಿಕೋ. ಪಕ್ಕದಲ್ಲಿ ಕೂತಿದ್ದ ಶೃತಿಗೆ ಹದಿನಾಲ್ಕು ಸಾಲಿನ ಪದ್ಯವೊಂದು ಬಂದು ಅವಳು ಪಾರಾದಳು. ಮಾಜಿದಾಳಿಗೆ ಇಡೀ ಕಾದಂಬರಿ. ಮೆಕ್ಸಿಕೋದಿಂದ ಬಂದು ಅಮೆರಿಕದಲ್ಲಿ ನೆಲೆ ನಿಂತವರ ಮನೆಯ ಹುಡುಗಿಯೊಬ್ಬಳು ದೊಡ್ಡವಳಾಗುವ ಕಥೆಯಂತೆ. “ಸೆಟ್ಟಿಂಗ್ ಅಂಡ್ ಕ್ಯಾರೆಕ್ಟರ್ಸ್. ಹತ್ತು ನಿಮಿಷ ಮಾತಾಡ್ಬೇಕು, ನೋಡ್ಕೊಂಡು ಓದೋ ಹಾಗಿಲ್ಲ,” ಎಂದರು ಮೇಡಂ. ಹದಿನೈದು ದಿನ ಟೈಮು ಕೊಟ್ಟರು. ಪುಸ್ತಕ ಶಿಕಾರಿಪುರದ ಯಾವ ಅಂಗಡಿಯಲ್ಲೂ ಇರಲಿಲ್ಲ. ಇದ್ದದ್ದು ಝೆರಾಕ್ಸಿನ ಝೆರಾಕ್ಸು, ಅದರಲ್ಲೂ ಅರ್ಧ ಪುಟಗಳಲ್ಲಿ ಅಂಚಿನ ಅಕ್ಷರಗಳು ಹಾರಿಹೋಗಿದ್ದವು. ಬಿ.ಎ.ಗೆ ಇಂಗ್ಲಿಷ್ ಐಚ್ಛಿಕ ತಗೋ ಎಂದು ಯಾರೂ ಅವಳ ಕುತ್ತಿಗೆ ಹಿಡಿದಿರಲಿಲ್ಲ, ತಾನಾಗಿ ತಗೊಂಡದ್ದು, ಈಗ ಅನುಭವಿಸಬೇಕಿತ್ತು.

ಅವಳ ಮನೆ ಇರುವುದು ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ. ಮುಂದಿನ ಕೋಣೆ ಅಪ್ಪ ಬಡೇಸಾಬನ ಗಾದಿ ಅಂಗಡಿ, ಹಿಂದಿನ ಎರಡು ಕೋಣೆಯಲ್ಲಿ ಸಂಸಾರ. ಹತ್ತಿ ಹಿಂಜುವ ಮಷೀನು ಶುರುವಾಯಿತೆಂದರೆ ಇಡೀ ಮನೆಗೇ ತಲೆ ನೆರೆತ ಹಾಗಾಗುತ್ತದೆ. ಅನ್ನದ ಮೇಲೆ ಹತ್ತಿ, ಪುಸ್ತಕದ ಮೇಲೆ ಹತ್ತಿ, ಅಕ್ಕ ಶಬೀನಾಳ ಹೊಲಿಗೆ ಮಷೀನಿನ ಸೂಜಿಯಲ್ಲೂ ಹತ್ತಿ. ಉಡುತಡಿ ಕಡೆಯ ಮದುವೆ ಮನೆಗಳಿಗೆಲ್ಲ ಗಾದಿ ಇವರದೇ. ಫೋಮಿನ ಹಾಸಿಗೆ ಬಂದ ಮೇಲೂ ಆ ಜನ ಇವರನ್ನು ಕೈಬಿಟ್ಟಿರಲಿಲ್ಲ.

ಇವರು ಪಿಂಜಾರರು. ನಮಾಜು, ರೋಜಾ ಎಲ್ಲ ಉಂಟು, ಆದರೆ ಮನೆಯ ಮಾತು ಕನ್ನಡ. ಅಪ್ಪನಿಗೆ ಅಪ್ಪ ಎನ್ನುತ್ತಾರೆ, ಅವ್ವನಿಗೆ ಅವ್ವ ಎನ್ನುತ್ತಾರೆ. ಉರ್ದು ಆಡುವ ಮುಸ್ಲಿಮರ ಕಣ್ಣಿಗೆ ಇವರು ಅರ್ಧ ಮಾತ್ರ ಮುಸ್ಲಿಮರು. ಊರಿನ ಮಿಕ್ಕವರ ಕಣ್ಣಿಗೆ ಒಂದಿಷ್ಟು ಜಾಸ್ತಿಯೇ ಮುಸ್ಲಿಮರು. ಎರಡೂ ಕಡೆಯವರ ಅಳತೆಗೋಲು ಸರಿಯಿಲ್ಲ ಎಂದು ಹೇಳುವ ಧೈರ್ಯ ಆ ಮನೆಯಲ್ಲಿ ಒಬ್ಬರಿಗೇ ಇದ್ದದ್ದು. ಅದು ಬಡೇಸಾಬನ ತಾಯಿ ಫಕೀರಮ್ಮ.

ಫಕೀರಮ್ಮನ ಬಾಯಿ ಸುಮ್ಮನಿದ್ದದ್ದನ್ನು ಓಣಿಯಲ್ಲಿ ಯಾರೂ ನೋಡಿರಲಿಲ್ಲ. ಗೋಣಿ ಹಾಸಿಕೊಂಡು ಕೂತು ಬೂರುಗದ ಹತ್ತಿಯಿಂದ ಬೀಜ ಬಿಡಿಸುತ್ತಾ ಬೆಳಗಿನಿಂದ ಸಂಜೆಯವರೆಗೆ ಮಾತಾಡುತ್ತಿದ್ದಳು. ಕೇಳುವವರಿದ್ದರೆ ಅವರ ಹತ್ತಿರ, ಇಲ್ಲದಿದ್ದರೆ ಹತ್ತಿಯ ಹತ್ತಿರ. ಮಾಜಿದಾ ಬೆಳೆದದ್ದು ಆ ಮಾತಿನ ಮಗ್ಗುಲಲ್ಲೇ. ಈ ಮೆಕ್ಸಿಕೋ ಕಥೆಯನ್ನೂ ಅವಳು ದಿನಕ್ಕೆರಡು ಪುಟದಂತೆ ಓದಿ, ಅಜ್ಜಿಗೆ ಕನ್ನಡದಲ್ಲಿ ಹೇಳತೊಡಗಿದಳು. ಹಾಗೆ ಹೇಳಿದರೆ ತನಗೂ ನೆನಪಿರುತ್ತದೆ ಎಂಬ ಲೆಕ್ಕಾಚಾರ.

“ಆ ಹುಡುಗಿ ಹೆಸ್ರು ನಯೇಲಿ. ಅವಳ ಅಜ್ಜಿಗೆ ಅವರ ಭಾಷ್ಯಾಗ ಅಬುವೇಲಾ ಅಂತಾರ,” ಎಂದಳು ಮಾಜಿದಾ.

“ಅಬೂವಾಲಾ? ಹಂಗಾದ್ರ ನಮ್ಮೋರೇ ಬಿಡು.”

“ಅಲ್ಲಜ್ಜಿ, ಅವರು ಚರ್ಚಿಗೆ ಹೋಗೋರು.”

“ಎಲ್ಲಿಗಾರ ಹೋಗ್ಲಿ. ಮುಂದ ಹೇಳು.”

ಕಥೆಯಲ್ಲಿ ನಯೇಲಿಯ ಓಣಿಯೂ ಇಕ್ಕಟ್ಟಿನದೇ. ಅಜ್ಜಿಗೆ ಸ್ಪ್ಯಾನಿಷ್ ಬಿಟ್ಟರೆ ಬೇರೆ ಮಾತು ಗೊತ್ತಿಲ್ಲ. ಒಂದು ದಿನ ಅಜ್ಜಿಯೂ ಮೊಮ್ಮಗಳೂ ಮಷೀನಿನಲ್ಲಿ ಬಟ್ಟೆ ಒಗೆಯುವ ಅಂಗಡಿಗೆ ಹೋದಾಗ ನಯೇಲಿಯ ಶಾಲೆಯ ಗೆಳತಿ ಅಲ್ಲಿಗೆ ಬರುತ್ತಾಳೆ. ಅಜ್ಜಿ ಜೋರಾಗಿ ಏನೋ ಕೂಗಿ ಹೇಳುತ್ತಾಳೆ. ಅವಳು ಯಾರು ಎಂದು ಗೆಳತಿ ಕೇಳಿದರೆ ನಯೇಲಿ, ಗೊತ್ತಿಲ್ಲ ಎನ್ನುತ್ತಾಳೆ.

ಫಕೀರಮ್ಮನ ಕೈ ಹತ್ತಿಯಲ್ಲಿ ನಿಂತಿತು. “ಆಮ್ಯಾಲ ಅಜ್ಜಿ ಏನ್ ಮಾಡಿದ್ಲು?”

“ಆಮ್ಯಾಲ ಅಜ್ಜಿ ಕಥೆ ಬರಲ್ಲ. ನಯೇಲಿ ಕಾಲೇಜಿಗೆ ಹೋಗ್ತಾಳ.”

“ಅದೆಂಥ ಪುಸ್ತಕನೇ ಅದು? ನಡುವಿಗೇ ಬಿಟ್ರ ಹೆಂಗ?” ಎಂದು ಅಜ್ಜಿ ಬರೆದವರನ್ನು ಬೈದಳು. ಹುಡುಗಿಯನ್ನು ಬೈಯಲಿಲ್ಲ. “ಪಾಪ, ಸಣ್ಣಾಕಿ. ನಾಚಿಕಿ ಆಗಿರ್ತತಿ,” ಎಂದು ಬೀಜ ಬಿಡಿಸತೊಡಗಿದಳು. ಮಾಜಿದಾ ನೋಟ್ಸಿನಲ್ಲಿ ‘ಐಡೆಂಟಿಟಿ ಕ್ರೈಸಿಸ್’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಳು. ಗೈಡಿನಲ್ಲಿ ಹಾಗೇ ಇತ್ತು.

ಆ ವಾರವೇ ಸೊರಬದಿಂದ ಹೆಣ್ಣು ನೋಡಲು ಬರುತ್ತೇವೆಂದು ಹೇಳಿ ಕಳಿಸಿದರು.

ಶಬೀನಾಗೆ ಇಪ್ಪತ್ತೇಳು ತುಂಬಿತ್ತು. ಹಿಂದೆ ಎರಡು ಸಂಬಂಧ ಬಂದು, ಎರಡೂ ಚಾ ಕುಡಿದು ಎದ್ದು ಹೋಗಿದ್ದವು. ಮೊದಲಿನವರು ಕಾರಣ ಹೇಳಲಿಲ್ಲ. ಎರಡನೆಯವರು ಓಣಿಯ ತಿರುವಿನಲ್ಲಿ ನಿಂತು, “ಪಿಂಜಾರರು, ಮನ್ಯಾಗ ಕನ್ನಡ ಮಾತಾಡ್ತಾರ, ನಮ್ಮ ಮಕ್ಕಳಿಗೆ ಏನು ಕಲಿಸ್ಯಾರು?” ಎಂದದ್ದು ಹೇಗೋ ಮನೆಗೆ ಬಂದು ಮುಟ್ಟಿತ್ತು. ಶಬೀನಾ ಅವತ್ತು ಕೂತಲ್ಲಿಂದ ಏಳದೆ ಹನ್ನೊಂದು ದಿಂಬಿನ ಗವಸು ಹೊಲಿದಳು. ಈ ಸೊರಬದ ಹುಡುಗ ಅಫ್ಜಲ್ ಮೊಬೈಲ್ ರಿಪೇರಿ ಅಂಗಡಿ ಇಟ್ಟವನು. ಯಾರದೋ ಮದುವೆಯಲ್ಲಿ ಶಬೀನಾಳನ್ನು ನೋಡಿ, ತಾನೇ ಮನೆಯಲ್ಲಿ ಹೇಳಿ ಹೊರಡಿಸಿದ್ದ. ಅವನ ಹೆಸರು ಬಂದರೆ ಶಬೀನಾಳ ಹೊಲಿಗೆ ಸೊಟ್ಟವಾಗುತ್ತಿತ್ತು. ಈ ಸಂಬಂಧವೂ ತಪ್ಪಿದರೆ ಅಕ್ಕ ಮತ್ತೆ ಯಾರೆದುರಿಗೂ ಚಾ ಹಿಡಿದು ಬರಲಾರಳು ಎಂದು ಮಾಜಿದಾಳಿಗೆ ಗೊತ್ತಿತ್ತು.

“ಸುಳ್ಳು ಹೇಳೋದು ಬ್ಯಾಡ. ಅವರು ಕೇಳದಿದ್ದನ್ನ ನಾವಾಗಿ ಹೇಳೋದೂ ಬ್ಯಾಡ,” ಎಂದ ಬಡೇಸಾಬ್. ಬಹಳ ನ್ಯಾಯಸ್ಥನ ಮಾತಿನ ಹಾಗೆ ಕೇಳಿಸಿತು. ಅದರ ಅರ್ಥ ಮಾತ್ರ, ಭಾನುವಾರ ಮನೆಯಲ್ಲಿ ಯಾರೂ ಕನ್ನಡ ಆಡಬಾರದು ಎಂಬುದಾಗಿತ್ತು. ಹತ್ತಿಯ ಮೂಟೆಗಳನ್ನು ಬಚ್ಚಿಡುವಂತಿರಲಿಲ್ಲ, ಮಾತನ್ನಾದರೂ ಬಚ್ಚಿಡಬಹುದಿತ್ತು.

ತಾಲೀಮು ಶುರುವಾಯಿತು. ಮಾಜಿದಾಳಿಗೆ ಗೆಳತಿಯರ ಸಹವಾಸದಿಂದ ಮುರುಕು ಉರ್ದು ಬರುತ್ತಿತ್ತು, ಹಾಗಾಗಿ ಅವಳೇ ಮೇಷ್ಟ್ರು. ಅಪ್ಪ ಅಬ್ಬಾ ಆದ, ಅವ್ವ ಅಮ್ಮಿ ಆದಳು. ಅಜ್ಜಿಯ ಹೆಸರೇ ತೊಡಕು. ಫಕೀರಮ್ಮ ಎಂದರೆ ಮುಗಿಯಿತು, ಆ ಬಾಲದಲ್ಲಿರುವ ಅಮ್ಮನೇ ಎಲ್ಲ ಹೇಳಿಬಿಡುತ್ತಾಳೆ.

“ಫಕ್ರುನ್ನಿಸಾ ಅನ್ನೋಣ,” ಎಂದಳು ಮಾಜಿದಾ.

“ಅದ್ಯಾರ?” ಎಂದಳು ಅಜ್ಜಿ.

ಒಳಗಿನ ಕೋಣೆಯಲ್ಲೇ ಕೂತಿರು ಎಂದರೆ ಅಜ್ಜಿ ಒಪ್ಪಲಿಲ್ಲ. “ಹೆಣ್ಣು ನೋಡಾಕ ಬಂದೋರ ಮುಂದ ಮನಿ ಹಿರೇಳು ಬಚ್ಚಿಟ್ಕೊಂಡ್ರ ಏನಂದಾರು? ನಾನು ಕುಂದ್ರಾಕಿ. ಸಲಾಂ ಹೇಳ್ತೀನಿ, ಮುಂದ ತುಟಿ ಬಿಚ್ಚಲ್ಲ.”

“ಅವರೇನಾರ ಕೇಳಿದ್ರ ನಾ ಹೇಳ್ತೀನಿ ಬಿಡಜ್ಜಿ. ಹೊಸಬರ ಮುಂದ ಅಜ್ಜಿಗೆ ಮಾತು ಬರಲ್ಲ, ಸಂಕೋಚದಾಕಿ ಅಂತ.”

ಫಕೀರಮ್ಮ ಹತ್ತಿಯ ರಾಶಿ ಹಾರುವಂತೆ ನಕ್ಕಳು. “ನನಗಾ? ಮಾತು ಬರಲ್ಲಾ? ಈ ಓಣ್ಯಾಗ ಯಾರಾರ ನಂಬ್ತಾರೇನ ಕೇಳ್ಕೊಂಬಾ ಹೋಗು!”

ಭಾನುವಾರ ಹನ್ನೊಂದಕ್ಕೆ ಸೊರಬದವರು ಬಂದರು. ಅಫ್ಜಲನ ತಾಯಿ ಜೈತುನ್‌ಬಿ, ಅವಳ ಗಂಡ, ಗಂಡನ ಇಬ್ಬರು ಅಣ್ಣಂದಿರು. ಅಣ್ಣಂದಿರು ಮನೆಯ ಗೋಡೆ, ಸೂರು, ಹತ್ತಿಯ ಮೂಟೆ ಎಲ್ಲವನ್ನೂ ಕಣ್ಣಿನಲ್ಲೇ ತೂಗಿದರು. ಜೈತುನ್‌ಬಿ ಮಾತ್ರ ನೇರ ಫಕೀರಮ್ಮನ ಹತ್ತಿರ ಬಂದು ಕೂತಳು. ಬಿಳಿ ಸೆರಗು ಹೊದ್ದ ಫಕೀರಮ್ಮ ಗಟ್ಟಿಯಾಗಿ, ಸ್ಪಷ್ಟವಾಗಿ, “ಅಸ್ಸಲಾಮು ಅಲೈಕುಂ,” ಎಂದಳು. ಮಾಜಿದಾ ನಿರಾಳವಾದಳು. ಅಷ್ಟು ಹೊತ್ತು ಎಲ್ಲ ಚೆನ್ನಾಗಿಯೇ ಇತ್ತು.

ಜೈತುನ್‌ಬಿಗೆ ಹಿರಿಯರನ್ನು ಕಂಡರೆ ಪ್ರೀತಿ. ಅಜ್ಜಿಯನ್ನು ದಾದಿ ಎಂದು ಕರೆದು, ನಿಮಗೆಷ್ಟು ಮಕ್ಕಳು, ಎಂದು ಉರ್ದುವಿನಲ್ಲಿ ಕೇಳಿಯೇಬಿಟ್ಟಳು. ಫಕೀರಮ್ಮ ಮೊಮ್ಮಗಳ ಮುಖ ನೋಡಿದಳು. ಅಣ್ಣಂದಿರಲ್ಲಿ ದೊಡ್ಡವನೂ ಕತ್ತು ಹೊರಳಿಸಿ ಇತ್ತ ನೋಡಿದ.

ಮಾಜಿದಾ ಮೊದಲೇ ಕಟ್ಟಿಕೊಂಡಿದ್ದ ವಾಕ್ಯವನ್ನು ತೆಗೆದಳು. ಹೊಸಬರ ಮುಂದೆ ಅಜ್ಜಿಗೆ ಮಾತು ಬರಲ್ಲ. ಹೊಸಬರ ಮುಂದೆ ಎನ್ನುವುದಕ್ಕೆ ಉರ್ದುವಿನಲ್ಲಿ ಏನು? ನಿನ್ನೆ ಗೊತ್ತಿತ್ತು, ಈಗ ನಾಲಿಗೆಗೆ ಬರಲೊಲ್ಲದು. ಎಲ್ಲರೂ ಕಾಯುತ್ತಿದ್ದರು. ಅವಳು ಆ ಅರ್ಧವನ್ನು ಬಿಟ್ಟು ಉಳಿದದ್ದನ್ನು ಕನ್ನಡದ ಅಚ್ಚಿನಲ್ಲೇ ಹೊಯ್ದುಬಿಟ್ಟಳು. “ಉನ್ಕೊ ಬಾತಾಂ ನೈ ಆತೇ.”

ಅವರಿಗೆ ಮಾತು ಬರಲ್ಲ. ಅಷ್ಟೇ ಆಯಿತು.

“ಗೂಂಗೀ ಹೈ ಕ್ಯಾ?” ಎಂದ ಆ ದೊಡ್ಡವನು, ಕರುಣೆಯಿಂದಲೇ.

ತಿದ್ದಬಹುದಿತ್ತು. ಇಲ್ಲ ಇಲ್ಲ, ಸಂಕೋಚ ಅಷ್ಟೇ ಎನ್ನಬಹುದಿತ್ತು. ಆದರೆ ಆಮೇಲೆ ಅವರು ಅಜ್ಜಿಯನ್ನು ಮಾತಾಡಿಸುತ್ತಾರೆ, ಅಜ್ಜಿ ಬಾಯಿ ಬಿಡುತ್ತಾಳೆ, ಕನ್ನಡ ಹೊರಗೆ ಬೀಳುತ್ತದೆ. ಬಾಗಿಲ ಹಿಂದೆ ಶಬೀನಾಳ ಬಳೆಯ ಸದ್ದು ಕೇಳುತ್ತಿತ್ತು. ಮಾಜಿದಾ ತಲೆ ತಗ್ಗಿಸಿ, “ಹೌ,” ಎಂದಳು.

ಫಕೀರಮ್ಮನಿಗೆ ಉರ್ದು ಬಾರದಿದ್ದರೇನು, ಗೂಂಗಿ ಎಂದರೆ ಮೂಗಿ ಎಂದು ತಿಳಿಯಲು ಯಾವ ಶಾಲೆಗೂ ಹೋಗಬೇಕಿರಲಿಲ್ಲ. ಹೌ ಎಂದರೆ ಹೌದು ಎಂಬುದಕ್ಕಂತೂ ಬೇಕೇ ಇಲ್ಲ. ಅವಳು ಮೊಮ್ಮಗಳನ್ನೇ ನೋಡಿದಳು. ಸಿಟ್ಟಿನ ನೋಟವಲ್ಲ. ಈ ಹುಡುಗಿಯನ್ನು ಎಲ್ಲೋ ನೋಡಿದ್ದೇನಲ್ಲ ಎಂಬಂಥ ನೋಟ.

ಅಷ್ಟರಲ್ಲಿ ಶಬೀನಾ ಚಾ ತಂದಳು. ತಲೆಯೆತ್ತದೆಯೇ ಬಗ್ಗಿ ಕೊಡಹೋದಳು. ಟ್ರೇ ವಾಲಿ ಒಂದು ಲೋಟ ಪೂರ್ತಿ ಅಜ್ಜಿಯ ಎಡಗೈ ಮೇಲೆ ಮಗುಚಿತು. ಕುದಿಕುದಿ ಚಾ. ಅವ್ವ ಚೀರಿದಳು, ಜೈತುನ್‌ಬಿ ಚೀರಿದಳು. ಫಕೀರಮ್ಮ ಕೆಳತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಹಾ ಎಂದೂ ಅನ್ನಲಿಲ್ಲ. ಮೂಗರೂ ನೋವಾದರೆ ಕೂಗುತ್ತಾರೆ ಎಂಬುದು ಅವಳಿಗೆ ಹೊಳೆಯಲಿಲ್ಲ. ಮೂಗಿ ಎಂದರೆ ಸದ್ದೇ ಇರಬಾರದು ಎಂದುಕೊಂಡಿದ್ದಳು. ಕಣ್ಣಿನಿಂದ ನೀರು ಮಾತ್ರ ಇಳಿಯಿತು. ಜೈತುನ್‌ಬಿ ತಣ್ಣೀರು ತರಿಸಿ, ಆ ಕೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು ಬಹಳ ಹೊತ್ತು ಕೂತಿದ್ದಳು.

ಮರುದಿನವೇ ಫೋನು ಬಂತು. ಹುಡುಗಿ ಒಪ್ಪಿಗೆ. ನಿಕಾ ಮುಂದಿನ ತಿಂಗಳು.

ಬಡೇಸಾಬ್ ಕಣ್ಣೊರೆಸಿಕೊಂಡ. ಶಬೀನಾ ಹೊಲಿಗೆ ಮಷೀನಿನ ಮೇಲೆ ತಲೆಯಿಟ್ಟು ಅತ್ತಳು. ಮಾಜಿದಾ ಓಡಿಹೋಗಿ ಗೋಣಿಯ ಮೇಲೆ ಕೂತಿದ್ದ ಅಜ್ಜಿಯನ್ನು ತಬ್ಬಿಕೊಂಡು, “ಅಜ್ಜೀ, ಒಪ್ಕೊಂಡ್ರಂತ!” ಎಂದಳು. ಫಕೀರಮ್ಮ ನಕ್ಕಳು. ಕೈಯೆತ್ತಿ ಶಬೀನಾಳ ಕಡೆ ತೋರಿಸಿ, ಆ ಕೈಯನ್ನು ಎದೆಗೆ ಮುಟ್ಟಿಸಿಕೊಂಡಳು. ಮಾತಾಡಲಿಲ್ಲ.

ತಮಾಷೆ ಎಂದುಕೊಂಡರು. ಮಧ್ಯಾಹ್ನ ಊಟಕ್ಕೆ ಕರೆದಾಗ ಮಾತಾಡಲಿಲ್ಲ. ಉಪ್ಪು ಬೇಕಾದಾಗ ತಟ್ಟೆಗೆ ಬೆರಳಿನಿಂದ ಟಕಟಕ ಬಡಿದಳು. ಮಾರನೆಯ ದಿನವೂ ಇಲ್ಲ. ಬಡೇಸಾಬ್ ಎದುರಿಗೆ ಕುಕ್ಕುರುಗಾಲಲ್ಲಿ ಕೂತು, “ಯವ್ವಾ, ತಪ್ಪಾತು. ಈಗ ಮನ್ಯಾಗ ನಾವ ಅದೀವಿ, ಮಾತಾಡು,” ಎಂದರೆ ಮಗನ ತಲೆಗಂಟಿದ್ದ ಹತ್ತಿ ತೆಗೆದು ರಾಶಿಗೆ ಹಾಕಿದಳು. ಮುನಿದವರ ಹಾಗೆ ಊಟ ಬಿಡಲಿಲ್ಲ, ಮೂಲೆ ಸೇರಲಿಲ್ಲ. ಎಲ್ಲ ಕೆಲಸ ಮಾಡುತ್ತಿದ್ದಳು. ಮಾತೊಂದು ಇರಲಿಲ್ಲ. ಓಣಿಯವರು ಕೇಳಿದರೆ ಅವ್ವ, “ಗಂಟಲು ಬ್ಯಾನಿ,” ಎನ್ನುತ್ತಿದ್ದಳು.

ಮಾಜಿದಾ ಅಜ್ಜಿಯ ಕಾಲು ಹಿಡಿದಳು. “ನಾನು ಬೇಕಂತ ಅನ್ನಲಿಲ್ಲಜ್ಜಿ. ಮಾತು ತಪ್ಪಿ ಬಂತು. ನಿನಗ ಗೊತ್ತೈತಲ್ಲ? ಗೊತ್ತೈತಿ ಅಂತ ಒಂದ್ಸಲ ಹೇಳು ಸಾಕು.” ಫಕೀರಮ್ಮ ಅವಳ ಕೆನ್ನೆ ತಟ್ಟಿದಳು. ಸುಟ್ಟ ಕೈಯಿಂದಲೇ ತಟ್ಟಿದಳು. ಅಲ್ಲಿ ಚರ್ಮ ಉಬ್ಬಿ ಒಡೆದು ಕೆಂಪಗಾಗಿತ್ತು.

ನಾಲ್ಕನೆಯ ದಿನ ಅವ್ವ ಒಲೆ ಮುಂದೆ ಮೆಲ್ಲಗೆ, “ಒಂದ್ ಲೆಕ್ಕಕ್ಕ ಒಳ್ಳೇದೇ ಆತು ಬಿಡು. ಮದ್ವಿ ಮುಗಿಯೋತನ ಹಿಂಗೇ ಇದ್ರ ತೊಂದ್ರಿ ಇಲ್ಲ,” ಎಂದಳು. ಮಾಜಿದಾಳಿಗೆ ಮೈ ಉರಿಯಿತು. ಏನೋ ಹೇಳಲು ಬಾಯಿ ತೆಗೆದಳು. ತೆಗೆದವಳಿಗೆ, ತಾನೂ ನಿನ್ನೆಯಿಂದ ಅಜ್ಜಿಯನ್ನು ಮಾತಾಡು ಎಂದು ಕೇಳಿಲ್ಲ ಎಂಬುದು ನೆನಪಾಯಿತು. ನಿಕಾದ ದಿನ ಅಜ್ಜಿ ಬಾಯಿಬಿಟ್ಟರೆ ಗತಿಯೇನು ಎಂಬ ದಿಗಿಲು ಅವಳಿಗೂ ಇತ್ತು. ಅಜ್ಜಿಯ ಮೌನ ಅವಳಿಗೂ ಅನುಕೂಲವೇ ಆಗಿತ್ತು. ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಅವತ್ತೂ ಅವಳು ಅಜ್ಜಿಯನ್ನು ಮಾತಾಡು ಎಂದು ಕೇಳಲಿಲ್ಲ.

ಗುರುವಾರ ಸೆಮಿನಾರು. ಸೆಟ್ಟಿಂಗನ್ನು ಸರಾಗವಾಗಿ ಹೇಳಿದಳು. ಇಕ್ಕಟ್ಟಾದ ಓಣಿ, ಎರಡು ಭಾಷೆ, ಎರಡರಲ್ಲೂ ಬಾಡಿಗೆಗಿದ್ದ ಹಾಗೆ ಬದುಕುವ ಜನ. ಮೇಡಂ ಖುಷಿಯಾಗಿ ತಲೆಯಾಡಿಸಿದರು. ಕ್ಯಾರೆಕ್ಟರ್ಸಿಗೆ ಬಂದಳು. ನಯೇಲಿ, ಅವಳ ಅಪ್ಪ, ಅಮ್ಮ. ಅಜ್ಜಿಯ ಸರದಿ ಬಂದಾಗ ಅವಳ ದನಿ ಸಣ್ಣಗಾಯಿತು. “ಬಟ್ಟೆ ಒಗೆಯೋ ಅಂಗಡೀಲಿ ಮೊಮ್ಮಗಳು ಗೊತ್ತಿಲ್ಲ ಅಂದ ಮೇಲೆ ಅಜ್ಜಿ ಮಾತಾಡೋದು ಬಿಟ್ಟುಬಿಟ್ಲು,” ಎಂದಳು. ಇಂಗ್ಲಿಷಿನಲ್ಲಿ ಶುರು ಮಾಡಿದವಳು ಯಾವಾಗ ಕನ್ನಡಕ್ಕೆ ಬಂದಳೋ ಅವಳಿಗೇ ತಿಳಿಯಲಿಲ್ಲ. “ಮನೇಲಿ ಎಲ್ಲರೂ ಬೇಡ್ಕೊಂಡ್ರು. ಆದ್ರೆ ಒಳಗೊಳಗೆ ಅವರಿಗೆ ಅದೇ ಬೇಕಾಗಿತ್ತು.”

ಮೇಡಂ ಪುಟ ತಿರುವಿದರು. “ಇದು ಟೆಕ್ಸ್ಟ್‌ನಲ್ಲಿ ಎಲ್ಲಿದೆ ಮಾಜಿದಾ?”

“ಝೆರಾಕ್ಸ್‌ನಲ್ಲಿ ಅಳಿಸಿಹೋಗಿದೆ ಮೇಡಂ,” ಎಂದಳು.

ಕ್ಲಾಸು ನಕ್ಕಿತು. “ಇಲ್ಲದ್ದನ್ನ ಸೇರಿಸಬಾರದಮ್ಮ,” ಎಂದು ಮೇಡಂ ಮೃದುವಾಗಿಯೇ ಹೇಳಿ ಕೂರಿಸಿದರು. ಶೃತಿ ಡೆಸ್ಕಿನ ಕೆಳಗೆ ಅವಳ ಕೈ ಹಿಡಿದು, ಏನಾಯ್ತೇ, ಎಂದು ಪಿಸುಗುಟ್ಟಿದಳು. ಮಾಜಿದಾ ಏನೂ ಆಗಿಲ್ಲ ಎಂದು ತಲೆಯಾಡಿಸಿದಳು.

ಮುಂದಿನ ವಾರ ಸೊರಬದವರು ಮನೆ ನೋಡಲು ಕರೆದರು. ದಾದಿಯನ್ನು ಮರೆಯದೆ ಕರೆತರಬೇಕು ಎಂದು ಜೈತುನ್‌ಬಿ ಫೋನಿನಲ್ಲಿ ಎರಡು ಸಲ ಹೇಳಿದಳಂತೆ. ಶಬೀನಾಳೊಬ್ಬಳನ್ನು ಬಿಟ್ಟು ನಾಲ್ವರೂ ಹೊರಟರು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಿಸಿ ಕೂತಾಗ ಕಂಡಕ್ಟರ್ ಬಂದು ಫಕೀರಮ್ಮನನ್ನು, “ಎಲ್ಲಿಗಜ್ಜಿ?” ಎಂದು ಕೇಳಿದ. ಅವಳು ಆಧಾರ್ ಕಾರ್ಡು ಮುಂದೆ ಹಿಡಿದಳು. “ಕಾರ್ಡು ಸರಿ, ಊರು ಹೇಳಬೇಕಲ್ಲ?” ಎಂದ. ಅವಳು ಮಾಜಿದಾಳ ಕಡೆ ಬೆರಳು ತೋರಿಸಿದಳು.

“ಅಜ್ಜಿಗೆ ಮಾತು ಬರಲ್ವೇನಮ್ಮಾ?” ಎಂದ ಕಂಡಕ್ಟರ್.

“ಬರ್ತತಿ,” ಎಂದಳು ಮಾಜಿದಾ. “ಚೆನ್ನಾಗಿ ಬರ್ತತಿ.”

ಫಕೀರಮ್ಮ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡಳು. ಕಂಡಕ್ಟರ್ ಇಬ್ಬರನ್ನೂ ನೋಡಿ, ನಮಗ್ಯಾಕೆ ಎಂಬಂತೆ ಸೊರಬಕ್ಕೆ ಹೆಂಗಸರ ಸೊನ್ನೆ ರೂಪಾಯಿ ಟಿಕೆಟು ಹರಿದುಕೊಟ್ಟ.

ಸೊರಬದ ಮನೆ ಅಚ್ಚುಕಟ್ಟಾಗಿತ್ತು. ಗಂಡಸರು ಮುಂದಿನ ಕೋಣೆಯಲ್ಲಿ ಕೂತರು. ಬಡೇಸಾಬ್ ಅಣ್ಣಂದಿರ ಮಾತಿಗೆಲ್ಲ “ಜೀ, ಜೀ,” ಎನ್ನುತ್ತಾ ಬೆವರುತ್ತಿದ್ದ. ಅಫ್ಜಲ್ ನಾಚಿಕೊಂಡು, ಇದ್ದ ಫ್ಯಾನೊಂದನ್ನು ಮಾವನ ಕಡೆಗೇ ತಿರುಗಿಸಿಟ್ಟ. ಹುಡುಗ ಒಳ್ಳೆಯವನು ಎಂದು ಮಾಜಿದಾಳಿಗೆ ಅನ್ನಿಸಿತು. ಅನ್ನಿಸಿದಷ್ಟೂ ತಾನಾಡಿದ ಸುಳ್ಳು ಚುಚ್ಚಿತು. ಊಟ ಮುಗಿದು ಕೈ ತೊಳೆದು ಬರುವಷ್ಟರಲ್ಲಿ ಅಜ್ಜಿ ಕೂತ ಜಾಗದಲ್ಲಿರಲಿಲ್ಲ.

ಅಡುಗೆಮನೆಯಲ್ಲಿಲ್ಲ. ಕೋಣೆಯಲ್ಲಿಲ್ಲ. ಹಿತ್ತಲ ಬಾಗಿಲು ಅರ್ಧ ತೆರೆದಿತ್ತು. ಅಲ್ಲಿಂದ ದನಿಯೊಂದು ಬರುತ್ತಿತ್ತು. ಎರಡು ವಾರದಿಂದ ಕೇಳದ ದನಿ. ಮಾಜಿದಾ ಬಾಗಿಲ ಚೌಕಟ್ಟು ಹಿಡಿದು ನಿಂತಳು.

“...ಬಟ್ಟಿ ಒಗಿಯೋ ಅಂಗಡಿ ನೋಡ್ರಿ. ಆ ಗೆಳತಿ ಬಂದು, ಈ ಮುದುಕಿ ಯಾರು ಅಂತ ಕೇಳಿದ್ಲಂತ. ಹುಡುಗಿ, ನಂಗ ಗೊತ್ತಿಲ್ಲ ಅಂದ್ಲಂತ.”

“ಸ್ವಂತ ಅಜ್ಜೀನಾ? ಅಯ್ಯೋ ದೇವ್ರೇ!” ಜೈತುನ್‌ಬಿಯ ಕನ್ನಡ ಸೊರಬದ ಯಾವ ಹೆಂಗಸಿನ ಕನ್ನಡಕ್ಕೂ ಕಡಿಮೆಯಿರಲಿಲ್ಲ. ತೊಳೆಯುವ ಕಲ್ಲಿನ ಮೇಲೆ ಕೂತು ಫಕೀರಮ್ಮನ ಸುಟ್ಟ ಕೈಗೆ ಮುಲಾಮು ಹಚ್ಚುತ್ತಿದ್ದಳು. “ಆಮೇಲೆ ಅಜ್ಜಿ ಏನ್ ಮಾಡಿದ್ರಂತೆ?”

“ಅದು ಪುಸ್ತಕದಾಗ ಇಲ್ಲಂತ.”

ಬಾಗಿಲು ಕಿರುಗುಟ್ಟಿತು. ಜೈತುನ್‌ಬಿ ತಿರುಗಿ ನೋಡಿದಳು. ಗಾಬರಿಯಾಗಲಿಲ್ಲ, ಬಾ ಎಂದು ಕೈಮಾಡಿದಳು.

“ಹೆದರ್ಬೇಡ ಮಗಾ, ನಂಗೆ ಅವತ್ತೇ ಗೊತ್ತಾಯ್ತು, ಇವತ್ತು ನಾನೇ ಕನ್ನಡದಲ್ಲಿ ಮಾತಾಡಿಸ್ದೆ,” ಎಂದಳು. “ಅಷ್ಟು ಚೆಂದ ಸಲಾಂ ಹೇಳಿದ ಮೂಗೀನ ನಾನು ಎಲ್ಲೂ ನೋಡಿಲ್ಲ ಮಾರಾಯ್ತಿ. ಗಂಡಸ್ರಿಗೆ ಅಷ್ಟೆಲ್ಲ ಎಲ್ಲಿ ಹೊಳೀತದೆ? ನನ್ನ ಮಗ ಒಪ್ಪಿದಾನೆ, ನಿಮ್ಮಕ್ಕ ಒಪ್ಪಿದಾಳೆ, ನಂಗೆ ಅಷ್ಟು ಸಾಕು. ಕನ್ನಡ ಆಡಿದ್ರೆ ಏನು ಬಾಯಲ್ಲಿ ಹುಳ ಬೀಳ್ತದಾ?” ಆಮೇಲೆ ಒಳಗಿನ ಕಡೆ ನೋಡಿ ದನಿ ತಗ್ಗಿಸಿದಳು. “ಆದ್ರೆ ಭಾವಂದಿರ ಕಿವಿಗೆ ಬಿದ್ರೆ ರಗಳೆ. ನಿಕಾ ಮುಗಿಯೋವರೆಗೆ ಅವರ ಮುಂದೆ ಹಿಂಗೇ ಇರ್ರಿ ಅಂತ ಈಗಷ್ಟೇ ಈ ಅಮ್ಮನ ಹತ್ರ ಕೇಳ್ಕೊಂಡೆ. ನನ್ನ ಹತ್ರ ಎಷ್ಟು ಬೇಕಾದ್ರೂ ಮಾತಾಡ್ಲಿ.”

ಸಲಾಂ. ಅದು ಅವರ ಮನೆಯಲ್ಲಿ ಒಬ್ಬರ ತಲೆಗೂ ಹೊಳೆದಿರಲಿಲ್ಲ. ಜೈತುನ್‌ಬಿಯ ಮಟ್ಟಿಗೆ ಅಜ್ಜಿಯನ್ನು ಮೂಗಿ ಮಾಡುವ ಅಗತ್ಯವೇ ಇರಲಿಲ್ಲ. ಸಂಬಂಧ ಉಳಿದದ್ದು ಮಾಜಿದಾಳ ಸುಳ್ಳಿನಿಂದಲ್ಲ, ಈ ಹೆಂಗಸು ಆ ಸುಳ್ಳನ್ನು ನುಂಗಿಕೊಂಡದ್ದರಿಂದ. ಮಾಜಿದಾಳಿಗೆ ನಗು ಬಂತು, ಅದರ ಹಿಂದೆಯೇ ಅಳು ನುಗ್ಗಿ ಬಂತು. ಅಜ್ಜಿಗೆ ಮಾತು ಹೋಗಿರಲಿಲ್ಲ ಎಂಬ ಸಮಾಧಾನ ಒಂದು ಕಡೆ. ಆ ಮಾತು ತನ್ನ ಹತ್ತಿರ ಅಲ್ಲ, ಮೊನ್ನೆ ಮೊನ್ನೆ ಕಂಡವಳ ಹತ್ತಿರ ಎಂಬ ಸಂಕಟ ಇನ್ನೊಂದು ಕಡೆ.

ಹೋಗಿ ಅಜ್ಜಿಯ ಮುಂದೆ ನೆಲದ ಮೇಲೆ ಕೂತಳು. ಫಕೀರಮ್ಮ ಅವಳನ್ನು ಕಂಡದ್ದೇ ತುಟಿ ಕೂಡಿಸಿಕೊಂಡಿದ್ದಳು.

“ಅಜ್ಜೀ,” ಎಂದಳು ಮಾಜಿದಾ.

ಮುಂದೆ ಹೇಳುವುದು ಬೇಕಾದಷ್ಟಿತ್ತು. ತಪ್ಪಾಯಿತು ಎನ್ನಬೇಕಿತ್ತು. ಆ ಹೌ ಎಂಬುದು ಬಾಯಿ ತಪ್ಪಿ ಬಂದದ್ದಲ್ಲ, ತಿಳಿದೇ ಆಡಿದ್ದು ಎಂದು ಒಪ್ಪಿಕೊಳ್ಳಬೇಕಿತ್ತು. ಆಮೇಲಿನ ದಿನಗಳಲ್ಲಿ, ಮಾತಾಡು ಎಂದು ಕೇಳುವುದನ್ನು ಯಾಕೆ ನಿಲ್ಲಿಸಿದೆ ಎಂಬುದನ್ನೂ ಹೇಳಬೇಕಿತ್ತು. ತುಟಿ ಅಲುಗಿತು. ಒಂದಕ್ಷರವೂ ಹೊರಗೆ ಬರಲಿಲ್ಲ.

ಜೈತುನ್‌ಬಿ ಮುಲಾಮಿನ ಡಬ್ಬಿ ಮುಚ್ಚುತ್ತಾ, “ಏನೋ ಹೇಳ್ಬೇಕು ಅಂತಾಳಲ್ರೀ ಅಮ್ಮ. ಯಾಕೆ ಸುಮ್ಮನಾದ್ಲು?” ಎಂದಳು.

ಫಕೀರಮ್ಮ ಮೊಮ್ಮಗಳ ಕೂದಲಿಗೆ ಅಂಟಿದ್ದ ಹತ್ತಿಯ ಎಳೆಯೊಂದನ್ನು ತೆಗೆದಳು. ಅದನ್ನು ಬೆರಳಲ್ಲಿ ಹೊಸೆಯುತ್ತಾ, ಜೈತುನ್‌ಬಿಯ ಕಡೆಗೇ ತಿರುಗಿ ಹೇಳಿದಳು.

“ಇವಳಿಗೆ ಮಾತು ಬರಲ್ಲ.”